ತಾಲ್ಲೂಕು ಸಾಹಿತ್ಯ ಸಮ್ಮೇಳನ ಪುಸ್ತಕ ಹಬ್ಬವಾಗಬೇಕೇ?

ಕನ್ನಡ ಸಾಹಿತ್ಯ ಪರಿಷತ್ತಿನ ತಾಲ್ಲೂಕು ಸಮ್ಮೇಳನದ ಚೌಕಟ್ಟು ಎಲ್ಲರಿಗೂ ಗೊತ್ತಿರುವುದೇ: ಧ್ವಜಾರೋಹಣ, ಭುವನೇಶ್ವರಿಯ ಭಾವಚಿತ್ರದೊಡನೆ ಸರ್ವಾಧ್ಯಕ್ಷರ ಮೆರವಣಿಗೆ, ಉದ್ಘಾಟನೆ, ಗೋಷ್ಠಿ, ಸನ್ಮಾನ, ನಿರ್ಣಯ. ಪುಸ್ತಕ ಮಳಿಗೆಗಳಿಗೆ ಪೆಂಡಾಲಿನಾಚೆ ಒಂದು ಮೂಲೆ. ಪುಸ್ತಕವನ್ನೇ ನಡುವೆ ಇಟ್ಟು, ಲೇಖಕರನ್ನೂ ಚಟುವಟಿಕೆಗಳನ್ನೂ ಅದರ ಸುತ್ತ ಜೋಡಿಸಬೇಕೇ ಎಂಬುದು ಪ್ರಶ್ನೆ. ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ತಾಲ್ಲೂಕುಗಳನ್ನೂ ಬೇಲೂರಿಗೆ ಸೇರಿದ ಹಳೇಬೀಡನ್ನೂ ಮುಂದಿಟ್ಟುಕೊಂಡು ಎರಡು ಪಕ್ಷದ ವಾದ ಇಲ್ಲಿದೆ.

ಪರ

ಸಮ್ಮೇಳನದ ವೇದಿಕೆಯಲ್ಲಿ ಕವಿಗೆ ಸಿಗುವುದು ಮೂರು-ನಾಲ್ಕು ನಿಮಿಷ. ಸ್ವಾಗತ, ಪ್ರಾಸ್ತಾವಿಕ, ಹಾರ-ಶಾಲುಗಳಿಗೆ ಅರ್ಧ ದಿನ. ಪೇಟ ತೊಡಿಸಿಕೊಂಡು ಕೆಳಗಿಳಿದ ಲೇಖಕನ ಪುಸ್ತಕ ಆ ಊರಿನಲ್ಲಿ ಎಲ್ಲಿ ಸಿಗುತ್ತದೆ ಎಂದು ಯಾರೂ ಕೇಳುವುದಿಲ್ಲ, ಕೇಳಿದರೂ ಹೇಳುವವರಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದ ನಾಡು ಇದು. ಲೇಖಕ ಓದುಗನ ಎದುರು ಕೂತು ತನ್ನ ಒಂದು ಕತೆ ಓದಿ, ಪ್ರಶ್ನೆಗೆ ಉತ್ತರಿಸುವುದು ಹತ್ತು ಸನ್ಮಾನಗಳಿಗಿಂತ ದೊಡ್ಡ ಕೆಲಸ.

ಈ ಸೀಮೆಗಂತೂ ಹಬ್ಬದ ಸಾಮಗ್ರಿ ಹೊರಗಿನಿಂದ ಬರಬೇಕಾಗಿಲ್ಲ. ಹಲ್ಮಿಡಿ ಬೇಲೂರು ತಾಲ್ಲೂಕಿನದೇ ಹಳ್ಳಿ. 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದ ಅಲ್ಲಿನ ಶಾಸನದ ಕಾಲ ಕ್ರಿ.ಶ. ಸುಮಾರು 450; ಇರುವುದು 16 ಸಾಲು. ಮೂಲ ಕಲ್ಲು ಮೈಸೂರು ಸೇರಿದೆ, ಊರಿನಲ್ಲಿ ಅದರ ಪ್ರತಿಕೃತಿ ನಿಂತಿದೆ. (ತಾಳಗುಂದದ ಶಾಸನ ಇದಕ್ಕಿಂತ ಹಳೆಯದೆಂಬ ವಾದವೂ ಇದೆ, ಅದೂ ಒಂದು ಒಳ್ಳೆಯ ಗೋಷ್ಠಿಗೆ ವಸ್ತು.) ಭಾಷಣಗಳಲ್ಲಿ ಹಲ್ಮಿಡಿಯ ಹೆಸರು ಮೊಳಗುತ್ತದೆ, ಆ 16 ಸಾಲನ್ನು ಪದ ಬಿಡಿಸಿ ಓದಿಸುವುದಕ್ಕೆ ಮಾತ್ರ ಆಹ್ವಾನ ಪತ್ರಿಕೆಯಲ್ಲಿ ಜಾಗ ಸಿಗುವುದು ಅಪರೂಪ. ಪುಸ್ತಕ ಹಬ್ಬದಲ್ಲಿ ಲಿಪಿ ಬಲ್ಲವರೊಬ್ಬರು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಪಡಿಯಚ್ಚು ತೆಗೆಯುವುದನ್ನು ಕಲಿಸಬಹುದು: ಒದ್ದೆ ಕಾಗದವನ್ನು ಕಲ್ಲಿಗೆ ಹರಡಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗುಳಿಗೆ ಇಳಿಸಿ, ಮೇಲೆ ಮಸಿ ಒತ್ತುವುದು. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಇದು ಸಲ್ಲದು; ಹೊಸದಾಗಿ ಕೊರೆಸಿದ ಚಪ್ಪಡಿ ಸಾಕು. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 5ನೇ ಸಂಪುಟ ಹಾಸನ ಜಿಲ್ಲೆಯದು. ಶಾಸನಗಳನ್ನು ಅಲ್ಲಿ ತಾಲ್ಲೂಕುವಾರು ಜೋಡಿಸಿದ್ದಾರೆ. ಹೈಸ್ಕೂಲಿನ ಹುಡುಗಿ ತನ್ನೂರಿನ ಹೆಸರು ಹುಡುಕಿ, ಬೇಲಿ ಪಕ್ಕದ ವೀರಗಲ್ಲು ಯಾರದೆಂದು ಓದಿಕೊಳ್ಳುವಂತಾದರೆ ಅದಕ್ಕಿಂತ ದೊಡ್ಡ ಸಾಹಿತ್ಯ ಸೇವೆ ಯಾವುದು?

1117ರಲ್ಲಿ ಪ್ರತಿಷ್ಠೆಯಾದ ಬೇಲೂರು ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ರೂವಾರಿಗಳು ತಮ್ಮ ಹೆಸರನ್ನೇ ಕೆತ್ತಿಕೊಂಡಿದ್ದಾರೆ. ಡಿ.ವಿ.ಜಿ.ಯವರ ‘ಅಂತಃಪುರಗೀತೆ’ಗೆ ಪ್ರೇರಣೆ ಅಲ್ಲಿನ ಮದನಿಕೆಯರು. ಯಾವ ಗೀತೆ ಯಾವ ಮದನಿಕೆಗೆ ಎಂದು ಪುಸ್ತಕ ಹಿಡಿದು ಹೊಂದಿಸುವ ನಡಿಗೆಗೆ ಖರ್ಚೇ ಇಲ್ಲ. ಹಳೇಬೀಡಿನಲ್ಲಿರುವ ಹೊಯ್ಸಳ ವೀರ ಕುವರ ಲಕ್ಷ್ಮನ ಕಂಬದ ಬರಹವೊಂದೇ ಒಂದು ಬೆಳಗಿಗೆ ಸಾಕು.

ಹೆಸರಾಂತರು ತಾಲ್ಲೂಕಿಗೆ ಬರುವುದಿಲ್ಲವೆಂಬ ಆಕ್ಷೇಪ ನಿಲ್ಲುವುದಿಲ್ಲ. 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ. ಅರಸೀಕೆರೆ ರೈಲ್ವೆ ಜಂಕ್ಷನ್ನು; ಬೆಂಗಳೂರು, ಹುಬ್ಬಳ್ಳಿ, ಶಿವಮೊಗ್ಗ ಎಲ್ಲಿಂದಲೂ ರೈಲಿನಲ್ಲಿ ಬಂದಿಳಿಯಬಹುದು. ಹಣದ ಮಾತೂ ಅಷ್ಟೆ: ಸ್ಮರಣಿಕೆ, ಫ್ಲೆಕ್ಸಿಗೆ ಸುರಿಯುವುದನ್ನು ಇತ್ತ ತಿರುಗಿಸಿದರಾಯಿತು. ಮೊದಲ ವರ್ಷ ಜನ ಕಡಿಮೆ ಬರಬಹುದು; ಮಧ್ಯಾಹ್ನದ ಊಟವಿಲ್ಲದಿದ್ದರೆ ಇನ್ನೂ ಕಡಿಮೆ. ಬಂದವರು ಓದುವವರಾಗಿರುತ್ತಾರೆ.

ವಿರೋಧ

ಸಮ್ಮೇಳನವನ್ನು ಕೈಬಿಡುವುದಕ್ಕೆ ಹಲವು ತೊಡಕುಗಳಿವೆ. ಮೊದಲನೆಯದು ಪರಂಪರೆ. ಪರಿಷತ್ತು ಹುಟ್ಟಿದ್ದು 1915ರಲ್ಲಿ. 1919ರಲ್ಲೇ ಕರ್ಪೂರ ಶ್ರೀನಿವಾಸರಾಯರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹಾಸನಕ್ಕೆ ಬಂತು. ಮತ್ತೆ ಬಂದದ್ದು 1996ರಲ್ಲಿ, ಚೆನ್ನವೀರ ಕಣವಿಯವರ ಅಧ್ಯಕ್ಷತೆಯಲ್ಲಿ. ಜಿಲ್ಲಾ ಕೇಂದ್ರವೇ 77 ವರ್ಷ ಕಾದಿದೆ. ಅರಸೀಕೆರೆ, ಬೇಲೂರಿನಂಥ ಊರುಗಳಿಗೆ ತಮ್ಮದೇ ಎನ್ನಬಹುದಾದದ್ದು ತಾಲ್ಲೂಕು ಸಮ್ಮೇಳನವೊಂದೇ.

ಎರಡನೆಯದು, ಸರ್ವಾಧ್ಯಕ್ಷ ಪದವಿ. ಕೈಯಿಂದ ಹಣ ಹಾಕಿ ಎರಡು-ಮೂರು ಸಂಕಲನ ತಂದ ಹಳ್ಳಿಯ ಮೇಷ್ಟ್ರಿಗೆ ಊರವರು ಸಲ್ಲಿಸುವ ಗೌರವ ಅದು. ಪುಸ್ತಕ ಹಬ್ಬ ಮಾರಾಟದ ಹಿಂದೆ ಹೋಗುತ್ತದೆ. ಅಲ್ಲಿ ಪ್ರಕಾಶಕರ ಆಯ್ಕೆಯೇ ಅಂತಿಮ. ಮೂರನೆಯದು, ಮೆರವಣಿಗೆ. ಡೊಳ್ಳು, ವೀರಗಾಸೆಯವರು, ಕಳಶ ಹೊತ್ತ ಹೆಣ್ಣುಮಕ್ಕಳು ಪುಸ್ತಕ ಕೊಳ್ಳದೇ ಇರಬಹುದು, ಹಾಗೆಂದು ಕನ್ನಡದ ಕೆಲಸಕ್ಕೆ ಹೊರಗಿನವರಲ್ಲ. ನಾಲ್ಕನೆಯದು, ನಿರ್ಣಯಗಳು. ಕನ್ನಡ ಶಾಲೆ ಮುಚ್ಚಬಾರದೆಂದು ಸರ್ಕಾರಕ್ಕೆ ಹೇಳಲು ಮಳಿಗೆಗಳ ಸಾಲಿಗೆ ಬಾಯಿಲ್ಲ. ಐದನೆಯದು, ಶಿಕ್ಷಕರ ಹಾಜರಿ. ಸಮ್ಮೇಳನಕ್ಕೆ ಬರುವ ಶಿಕ್ಷಕರಿಗೆ ಓಓಡಿ (ಅನ್ಯ ಕರ್ತವ್ಯ) ಸೌಲಭ್ಯ ಸಿಗುತ್ತದೆ. ಸಹಿ ಹಾಕಿ ಮುಂದಿನ ಬಸ್ಸು ಹತ್ತುವವರಿದ್ದಾರೆ, ನಿಜ, ಎಲ್ಲರೂ ಹಾಗಲ್ಲ.

ಓದು ಬೆಳೆಯಲು ಒಂದೆರಡು ದಿನದ ಹಬ್ಬಕ್ಕಿಂತ ವರ್ಷವಿಡೀ ತೆರೆದಿರುವ ಗ್ರಂಥಾಲಯ ಮುಖ್ಯ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯೊಡನೆ ಕರ ವಸೂಲಾಗುತ್ತಿದೆ. 2020ರ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಶಾಸನ ಓದಿಸುವ ಕೆಲಸ ಅಲ್ಲಿಯೇ ನಡೆಯಲಿ.

ಲೇಖಕರ ಜೊತೆ ಮಾತುಕತೆ ಬೇಡವೆಂದು ಯಾರೂ ಹೇಳುವುದಿಲ್ಲ. ಮಧ್ಯಾಹ್ನದ ಗೋಷ್ಠಿಯಲ್ಲಿ ಕುರ್ಚಿಗಳು ಖಾಲಿಯಾಗಿ, ಜನ ಪುಸ್ತಕದ ಮಳಿಗೆಗಳ ಮುಂದೆ ನಿಂತಿರುವುದು ಪರಿಷತ್ತಿನವರಿಗೂ ಗೊತ್ತು. ಅದಕ್ಕೆ ಸಮ್ಮೇಳನದ ಹೆಸರು ಅಳಿಸಬೇಕಾಗಿಲ್ಲ. ಸನ್ಮಾನಗಳನ್ನು ಕಡಿಮೆ ಮಾಡಿ, ಮಳಿಗೆಗಳನ್ನು ಊಟದ ಚಪ್ಪರದ ಹಿಂದಿನಿಂದ ಮುಖ್ಯದ್ವಾರಕ್ಕೆ ತಂದು, ಒಂದು ಗೋಷ್ಠಿಯ ಹೊತ್ತನ್ನು ಓದುಗರಿಗೆ ಬಿಟ್ಟುಕೊಟ್ಟರೆ ಸಾಕು. ಮುಂದಿನ ಸ್ವಾಗತ ಸಮಿತಿ ಇಷ್ಟನ್ನು ಮಾಡಲಿ.