ಸೋಲಿನ ಖರ್ಚು ಯಾರದು?

ವೈದ್ಯಕೀಯ ಉಪಕರಣಗಳಲ್ಲಿ ಸ್ವಾವಲಂಬನೆಯ ಮಾತು ಬಂದಾಗಲೆಲ್ಲ ಕಾರ್ಖಾನೆ, ಬಂಡವಾಳ, ರಫ್ತುಗಳ ಲೆಕ್ಕವೇ ಮುಂದಾಗುತ್ತದೆ. ಒಂದು ಉಪಕರಣವು ಕಾರ್ಖಾನೆ ಸೇರುವ ಮೊದಲು ಎಷ್ಟು ಬಾರಿ ಸೋತಿತ್ತು, ಆ ಸೋಲಿನ ಖರ್ಚನ್ನು ಯಾರು ಭರಿಸಿದರು ಎಂದು ಕೇಳುವವರು ವಿರಳ. ಟಿಟಿಕೆ–ಚಿತ್ರಾ ಹೃದಯ ಕವಾಟದ ಇತಿಹಾಸವನ್ನು ಈ ಪ್ರಶ್ನೆಯ ಹಿನ್ನೆಲೆಯಲ್ಲಿ ಓದಬೇಕೆಂಬುದು ನನ್ನ ಅಭಿಪ್ರಾಯ.

ಬಾಲ್ಯದ ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರವು ಹೃದಯದ ಕವಾಟಗಳನ್ನು ಕೆಡಿಸುತ್ತದೆ. ಇದು ಬಹುಪಾಲು ಬಡವರ ಮನೆಯ ಕಾಯಿಲೆ. ಕೃತಕ ಕವಾಟಗಳೋ ಆಗ ವಿದೇಶದಿಂದಲೇ ಬರಬೇಕಿತ್ತು. ಅವುಗಳ ಬೆಲೆ ಈ ರೋಗಿಗಳ ಕೈಗೆಟುಕುವಂತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ನಿರ್ದೇಶಕರಾಗಿದ್ದ ಶಸ್ತ್ರಚಿಕಿತ್ಸಕ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಅವರ ಎಂಜಿನಿಯರುಗಳು ಕವಾಟವನ್ನು ಇಲ್ಲಿಯೇ ರೂಪಿಸಲು ಹೊರಟದ್ದು ಈ ಕಾರಣಕ್ಕೆ. ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಕನ್ನಡಿಗರಿಗೂ ಪರಿಚಿತರಾದ ಅವರು 2024ರಲ್ಲಿ ನಿಧನರಾದರು.

ಕವಾಟದ ಬಿಲ್ಲೆಯು ವರ್ಷಕ್ಕೆ ಸುಮಾರು 4 ಕೋಟಿ ಬಾರಿ ತೆರೆದು ಮುಚ್ಚಬೇಕು. ಮೊದಲ ಮಾದರಿಯಲ್ಲಿ ಬೆಸುಗೆಯ ಬಳಿ ಲೋಹ ಮುರಿಯಿತು. ಎರಡನೆಯದರಲ್ಲಿ ನೀಲಮಣಿಯ ಗಟ್ಟಿ ಬಿಲ್ಲೆಯ ಉಜ್ಜಾಟಕ್ಕೆ ಟೈಟಾನಿಯಂ ಸವೆಯಿತು. ಮೂರನೆಯದರಲ್ಲಿ ಲೋಹ ಬದಲಾಯಿತು. ಆದರೆ ಪ್ರಾಣಿಯೊಂದರ ದೇಹದಲ್ಲಿ ಬಿಲ್ಲೆಯೇ ಒಡೆಯಿತು. ಪ್ರತಿ ಸಲವೂ ವರ್ಷಗಳ ಶ್ರಮವನ್ನು ಬದಿಗಿಟ್ಟು ಮತ್ತೆ ಆರಂಭಿಸಬೇಕಾಯಿತು. ಕ್ರೋಮಿಯಂ–ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು ಮತ್ತು ವಿಶೇಷ ಪಾಲಿಥಿನ್ ಬಿಲ್ಲೆಯ ನಾಲ್ಕನೆಯ ಮಾದರಿ ಎಲ್ಲ ಪರೀಕ್ಷೆಗಳನ್ನೂ ಗೆದ್ದು, 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಯ ಎದೆ ಸೇರಿತು. ತಂತ್ರಜ್ಞಾನವನ್ನು ಪಡೆದ ಟಿಟಿಕೆ ಸಮೂಹವೂ ಅವಸರಪಡಲಿಲ್ಲ. ಹಲವು ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆದ ಬಳಿಕವೇ ಕವಾಟ ಮಾರುಕಟ್ಟೆಗೆ ಬಂತು. ಮುಂದೆ ಅದು ಲಕ್ಷಕ್ಕೂ ಹೆಚ್ಚು ಜನರ ಹೃದಯದಲ್ಲಿ ಮಿಡಿಯಿತು.

ಇದೇ ಅವಧಿಯಲ್ಲಿ ಅಮೆರಿಕದಲ್ಲಿ ನಡೆದದ್ದನ್ನೂ ನೆನೆಯಬೇಕು. ಶೈಲಿ ಕಂಪನಿಯ ಬ್ಯೋರ್ಕ್–ಶೈಲಿ ಕವಾಟದ ಹೊಸ ಮಾದರಿಯು 1979ರಲ್ಲಿ ಅನುಮತಿ ಪಡೆದು, 1986ರಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಅಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 86,000 ಜನರಿಗೆ ಅದನ್ನು ಅಳವಡಿಸಲಾಗಿತ್ತು. ಬೆಸೆದ ಲೋಹದ ಕಂಬಿ ಮುರಿದು ನೂರಾರು ಮಂದಿ ಸತ್ತರು. ಅಲ್ಲಿಯೂ ದೋಷ ಬೆಸುಗೆಯದೇ. ತಿರುವನಂತಪುರದಲ್ಲಿ ಅದು ಪ್ರಯೋಗಾಲಯದ ಯಂತ್ರದಲ್ಲಿ ಬಯಲಾಯಿತು. ಅಲ್ಲಿ ರೋಗಿಗಳ ಎದೆಯೊಳಗೆ ಬಯಲಾಯಿತು. ಬಡ ದೇಶದ ಸಂಸ್ಥೆಯೊಂದು ಸಿರಿವಂತ ಕಂಪನಿಗಿಂತ ಜಾಣತನ ತೋರಿತೆಂದು ಬೀಗುವುದು ಇಲ್ಲಿ ಸಲ್ಲದು. ಮಾರಾಟದ ಒತ್ತಡವಿಲ್ಲದ ಕಡೆ ಸೋಲನ್ನು ಒಪ್ಪಿಕೊಳ್ಳುವುದು ಸುಲಭ ಎಂಬುದಷ್ಟೇ ಇದರ ಪಾಠ.

ಚಿತ್ರಾ ಕವಾಟದ ಮೂರು ಸೋಲುಗಳ ಖರ್ಚನ್ನು ಭರಿಸಿದ್ದು ಸಾರ್ವಜನಿಕ ಹಣ. ಆಸ್ಪತ್ರೆ ಮತ್ತು ಪ್ರಯೋಗಾಲಯಗಳು ಒಂದೇ ಸಂಸ್ಥೆಯ ಅಂಗಗಳಾಗಿದ್ದುದರಿಂದ ವೈದ್ಯನ ಅಗತ್ಯ ಎಂಜಿನಿಯರನಿಗೆ ನೇರವಾಗಿ ತಲುಪಿತು. 2020ರಲ್ಲಿ ಕೇಂದ್ರ ಸರ್ಕಾರ ವೈದ್ಯಕೀಯ ಉಪಕರಣಗಳಿಗೆ ಘೋಷಿಸಿದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನವಾದರೋ ಹೆಚ್ಚುವರಿ ಮಾರಾಟವನ್ನು ಅಳೆದು ಕೊಡುವಂಥದ್ದು. ಕಾರ್ಖಾನೆಗಳಿಗೆ ಅದು ಬೇಕು, ನಿಜ. ಆದರೆ ಒಂದು ರೂಪಾಯಿಯ ಮಾರಾಟವೂ ಇಲ್ಲದ ವಿನ್ಯಾಸದ ವರ್ಷಗಳನ್ನು ಅಂಥ ಯೋಜನೆ ಕಾಣಲಾರದು.

ಸಾರ್ವಜನಿಕ ಹಣ ವಿಫಲ ಪ್ರಯೋಗಗಳಲ್ಲಿ ಪೋಲಾಗುತ್ತದೆ ಎಂಬ ಆಕ್ಷೇಪ ಸಹಜ. ಪರೀಕ್ಷೆಯಿಲ್ಲದ, ಲೆಕ್ಕವಿಲ್ಲದ ಖರ್ಚಿಗೆ ನಾನೂ ವಿರೋಧಿಯೇ. ಆದರೆ ಪ್ರಯೋಗಾಲಯದಲ್ಲಿ ಮುರಿದು, ಮುರಿದ ಕಾರಣ ದಾಖಲಾದ ಕವಾಟ ಪೋಲಲ್ಲ. ಸೋಲಿಗೆ ಅಲ್ಲಿ ಹಣ ಕೊಡಲು ನಾವು ಒಪ್ಪದಿದ್ದರೆ, ಅದರ ಬೆಲೆಯನ್ನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದವರು ತೆರಬೇಕಾಗುತ್ತದೆ.