ಚಿಮಣಿ ಇಲ್ಲದ ಹೀಟರ್ ಬೇಡ ಮಾರಾಯ್ರೆ!

ಮಿಷಿಗನ್ನಿನಲ್ಲಿ ಚಳಿ ಶುರುವಾಯಿತೆಂದರೆ ನಮ್ಮ ಕನ್ನಡದ ಗೆಳೆಯರದು ಒಂದೇ ಪ್ರಶ್ನೆ: ಗರಾಜಿಗೆ ಯಾವ ಗ್ಯಾಸ್ ಹೀಟರ್ ಹಾಕಿಸೋದು? ಉತ್ತರವೂ ಒಂದೇ: 'ವೆಂಟ್-ಫ್ರೀ ತಗೊಳ್ಳಿ, ಗೋಡೆ ಕೊರೆಯೋ ತಾಪತ್ರಯ ಇಲ್ಲ, ಶಾಖ ಒಂಚೂರೂ ಹೊರಗೆ ಹೋಗಲ್ಲ!'

ಅಲ್ಲ ಸ್ವಾಮಿ, ಶಾಖ ಹೊರಗೆ ಹೋಗಲ್ಲ ಅಂದರೆ ಉರಿದು ಬಂದದ್ದೂ ಹೋಗಲ್ಲ ಅಂತ ತಾನೆ? ಒಂದು ಕೆಜಿ ಪ್ರೊಪೇನ್ ಉರಿದರೆ ಸುಮಾರು 1.6 ಕೆಜಿ ನೀರಾವಿ ಹುಟ್ಟುತ್ತೆ. ಅದು ತಣ್ಣಗಿರೋ ಕಾರಿನ ಮೇಲೆ, ಗರಗಸ-ಸ್ಪ್ಯಾನರುಗಳ ಮೇಲೆ ಕೂತು ತುಕ್ಕು ಹಿಡಿಸುತ್ತೆ. ತುಕ್ಕಾದರೂ ಕಣ್ಣಿಗೆ ಕಾಣುತ್ತೆ ಬಿಡಿ. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದಾಗ ಬರೋ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗೋಡೆಯಾಚೆ ಮಕ್ಕಳು ಮಲಗಿರ್ತಾರೆ! 'ಸೆನ್ಸರ್ ಇದೆಯಲ್ಲ' ಅಂತೀರಾ? ಅದು ನೋಡೋದು ಆಮ್ಲಜನಕ ಕಮ್ಮಿಯಾಯ್ತಾ ಅಂತ, ವಿಷ ಎಷ್ಟಿದೆ ಅಂತ ಅಲ್ಲ.

ಹೊರಗಿನ ಗಾಳಿಯನ್ನೇ ಎಳೆದುಕೊಂಡು, ಹೊಗೆಯನ್ನೂ ಹೊರಗೇ ಬಿಡೋ ಸೀಲ್ಡ್ ಕಂಬಶ್ಚನ್ ಹೀಟರ್ ತಗೊಳ್ಳಿ. ದುಡ್ಡು ಜಾಸ್ತಿ, ಹೌದು. ಲಕ್ಷಗಟ್ಟಲೆ ಡಾಲರಿನ ಮನೆ ಕೊಳ್ಳುವಾಗ ಇಲ್ಲದ ಜಿಪುಣತನ ಇಲ್ಲೇಕೆ? ಅದನ್ನು ಸೂರಿಗೆ ತೂಗುಹಾಕಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದಾಡುತ್ತೆ. ಗರಾಜಿನಲ್ಲಿ ಕಿಡಿ ಹುಟ್ಟೋ ಜಾಗ ನೆಲದಿಂದ 18 ಇಂಚಾದರೂ ಮೇಲಿರಬೇಕು ಅಂತ ಇಲ್ಲಿನ ಕೋಡ್ ಹೇಳೋದು ಅದಕ್ಕೇ.

ಇನ್ನು ಯೂಟ್ಯೂಬ್ ನೋಡಿ ಗ್ಯಾಸ್ ಪೈಪ್ ಜೋಡಿಸೋ ಶೂರರಿಗೆ ದೂರದಿಂದಲೇ ನಮಸ್ಕಾರ. ಪರ್ಮಿಟ್ ತೆಗೆದು, ಲೈಸೆನ್ಸ್ ಇರೋರ ಕೈಲಿ ಮಾಡಿಸಿ. ಗರಾಜಿಗೆ ಅಂಟಿದ ಕೋಣೆಗೆ ಮಾನಾಕ್ಸೈಡ್ ಅಲಾರ್ಮ್ ಹಾಕಿಸಿ... ಬ್ಯಾಟರಿ ಸಮೇತ!