ಪಕ್ಕದ ಕುರ್ಚಿಯವರು

1982ರ 'ಹಾಲು ಜೇನು' ಚಿತ್ರದಲ್ಲಿ ಕಾಯಿಲೆ ಬಿದ್ದ ಹೆಂಡತಿ ನಗುನಗುತ್ತ ಇರಲಿ ಎಂದು ರಾಜ್‌ಕುಮಾರ್ ಪಡುವ ಪಾಡು ನೋಡಿ ಅತ್ತವರು ಎಷ್ಟೋ ಮಂದಿ. ಅಲ್ಲಿ ನಗಿಸುವವನು ಗಟ್ಟಿಮುಟ್ಟಾಗಿದ್ದಾನೆ, ನಗಬೇಕಾದವಳು ರೋಗಿ. ಕ್ಯಾನ್ಸರ್ ಎಂದ ಕೂಡಲೇ ನಮ್ಮ ಮನಸ್ಸಿಗೆ ಇವತ್ತಿಗೂ ಬರುವುದು ಹೀಗೆಯೇ. ಇದನ್ನು ಕನ್ನಡದಲ್ಲಿ ತಲೆಕೆಳಗು ಮಾಡಿದವರು ಭಾರತಿ ಬಿ.ವಿ. ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಅವರು 'ಸಾಸಿವೆ ತಂದವಳು' ಪುಸ್ತಕದಲ್ಲಿ ಆ ಅನುಭವವನ್ನು ಲವಲವಿಕೆಯಿಂದ ಬರೆದಾಗ ನಗುವ ಹಕ್ಕು ರೋಗಿಯ ಕೈಗೇ ಬಂತು. ಬುದ್ಧ ಕಿಸಾಗೋತಮಿಗೆ ಸಾವಿಲ್ಲದ ಮನೆಯ ಸಾಸಿವೆ ತಾ ಎಂದ ಕತೆ ನಮಗೆಲ್ಲ ಗೊತ್ತು. ಬಾಗಿಲು ಬಾಗಿಲು ತಟ್ಟಿದ ಆಕೆಗೆ ಸಿಕ್ಕವರೆಲ್ಲ ತನ್ನಂಥವರೇ.

ಹೊಸೂರು ರಸ್ತೆಯ ಒಂದು ಆಸ್ಪತ್ರೆಗೆ ನಮ್ಮಕ್ಕನ ಜೊತೆ ಓಡಾಡಿದ ತಿಂಗಳುಗಳಲ್ಲಿ ಆ ತನ್ನಂಥವರ ಲೋಕವನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ. ಈ ರಸ್ತೆಯ ಉದ್ದಕ್ಕೂ ಕ್ಯಾನ್ಸರ್ ರೋಗಿಗಳು ಹುಡುಕಿಕೊಂಡು ಬರುವ ಜಾಗಗಳಿವೆ. ಊರೊಳಗೆ 1973ರಲ್ಲಿ ಶುರುವಾದ ಕಿದ್ವಾಯಿ, ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಬೊಮ್ಮಸಂದ್ರದಲ್ಲಿ 2009ರಿಂದ ಮಜುಂದಾರ್ ಶಾ ಕೇಂದ್ರ. 2025ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಬಂದ ಮೇಲೆ ಪೀಣ್ಯದವರು ಹಸಿರು ಮಾರ್ಗ ಹತ್ತಿ ಆರ್.ವಿ. ರಸ್ತೆಯಲ್ಲಿ ಬದಲಾಯಿಸಿಕೊಂಡರೆ ಸಾಕು. ವೈಟ್‌ಫೀಲ್ಡಿನವರು ಇನ್ನೊಂದು ಸಲ, ಮೆಜೆಸ್ಟಿಕ್‌ನಲ್ಲೂ ಬದಲಾಯಿಸಬೇಕು.

ಕೀಮೋ ಡೇ ಕೇರಿನಲ್ಲಿ ಅಕ್ಕನ ಎಡಕ್ಕೆ ಕೂರುತ್ತಿದ್ದವರು ಆನೇಕಲ್ ಕಡೆಯ ಗಾರ್ಮೆಂಟ್ಸ್ ಕೆಲಸದ ಹೆಂಗಸು, ಬಲಕ್ಕೆ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಮಾಡುವ ಹುಡುಗಿ. ಒಬ್ಬರದು ಇಎಸ್‌ಐ, ಇನ್ನೊಬ್ಬರದು ಕಂಪನಿ ವಿಮೆ. ಒಬ್ಬರು ಎರಡು ಬಸ್ಸು ಹಿಡಿದು ಬರುತ್ತಿದ್ದರು, ಇನ್ನೊಬ್ಬಳು ಕ್ಯಾಬಿನಲ್ಲಿ. ಹೊರಗೆ ಇವರಿಬ್ಬರೂ ಮಾತಾಡುವ ಸಂದರ್ಭವೇ ಬರುತ್ತಿರಲಿಲ್ಲ. ಇಲ್ಲಿ ಮೂವರಿಗೂ ಒಂದೇ ನಮೂನೆಯ ಒರಗು ಕುರ್ಚಿ, ಒಂದೇ ಸ್ಟ್ಯಾಂಡು, ಒಂದೇ ಲೆಕ್ಕದಲ್ಲಿ ತೊಟ್ಟಿಕ್ಕುವ ಡ್ರಿಪ್ಪು.

ಮತ್ತೆ ಮತ್ತೆ ಇವರೇ ಜೊತೆಯಾಗುತ್ತಿದ್ದುದು ಆಕಸ್ಮಿಕವಲ್ಲ. ಕೀಮೋ ಕೊಟ್ಟ ಹತ್ತು ಹದಿನಾಲ್ಕು ದಿನಕ್ಕೆ ಬಿಳಿ ರಕ್ತಕಣಗಳು ಪಾತಾಳಕ್ಕಿಳಿಯುತ್ತವೆ. ಮತ್ತೆ ಮೇಲೆ ಬರಲು ಇನ್ನೊಂದು ವಾರ ಬೇಕು. ಅದಕ್ಕೇ ಅನೇಕ ಔಷಧಿಗಳಿಗೆ 21 ದಿನದ ಲೆಕ್ಕ. ಒಂದೇ ದಿನ ಶುರು ಮಾಡಿದವರು ಪ್ರತಿ ಸಲವೂ ಒಂದೇ ದಿನ ಎದುರಾಗುತ್ತಾರೆ. ಕರೆಂಟು, ಅಂದರೆ ರೇಡಿಯೇಷನ್, ವಾರಕ್ಕೆ ಐದು ದಿನ. ಆರೋಗ್ಯವಾಗಿರುವ ಜೀವಕೋಶಗಳು ಸುಧಾರಿಸಿಕೊಳ್ಳಲಿ ಎಂದು ಶನಿವಾರ ಭಾನುವಾರ ಬಿಡುವು. ಬಾಯಿ, ಗಂಟಲಿನ ಕ್ಯಾನ್ಸರಿಗೆ ಇದು ಆರೇಳು ವಾರ ನಡೆಯುತ್ತದೆ. ದಿನಾ ಅದೇ ಹೊತ್ತು, ಅದೇ ಬೆಂಚು, ಅದೇ ಮುಖಗಳು. ಸ್ನೇಹ ಬೆಳೆಯಲು ಇದಕ್ಕಿಂತ ಹೆಚ್ಚೇನು ಬೇಕು?

ಕೀಮೋಗೆ ಮುಂಚೆ ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ವಾಂತಿ, ಅಲರ್ಜಿ ತಡೆಯುತ್ತದೆ, ಅದರ ಜೊತೆಗೆ ನಿದ್ದೆಯನ್ನೂ ಓಡಿಸುತ್ತದೆ. ಆ ರಾತ್ರಿಗಳಿಗಾಗಿ ಟೆಸ್ಟಿಂಗ್ ಹುಡುಗಿ ಒಂದು ವಾಟ್ಸಾಪ್ ಗುಂಪು ಮಾಡಿ 'ನೈಟ್ ಶಿಫ್ಟ್' ಎಂದು ಹೆಸರಿಟ್ಟಳು. ರಾತ್ರಿ ಎರಡು ಗಂಟೆಗೆ ಅಕ್ಕನ ಫೋನು ಮಿಣುಕುತ್ತಿತ್ತು. ಗಾರ್ಮೆಂಟ್ಸ್ ಅಕ್ಕ ಬರೆಯುತ್ತಿರಲಿಲ್ಲ, ಧ್ವನಿ ಕಳಿಸುತ್ತಿದ್ದರು. ಅವರ ತಲೆ ಪೂರ್ತಿ ಬೋಳಾದ ವಾರದ ಸಂದೇಶ ಒಂದನ್ನು ಅಕ್ಕ ನನಗೂ ಕೇಳಿಸಿದಳು. ಬಸ್ಸಿನಲ್ಲಿ ಪಕ್ಕದವರು ಕೇಳಿದರಂತೆ, "ತಿರುಪತಿಗೆ ಹೋಗಿದ್ರಾ?"

"ಹೂಂ ಕಣಮ್ಮ, ಮೂರು ವಾರಕ್ಕೊಂದ್ಸಲ ಹೋಗ್ತೀನಿ."

"ಅಬ್ಬಾ, ಎಂಥಾ ಪುಣ್ಯ! ದರ್ಶನ ಚೆನ್ನಾಗಾಯ್ತಾ?"

"ಕ್ಯೂ ಉದ್ದ. ಆದ್ರೆ ಪ್ರಸಾದ ಬಾಯಿಗಲ್ಲ, ನೇರವಾಗಿ ನರಕ್ಕೇ ಕೊಡ್ತಾರೆ."

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಮಾತನ್ನೇ ನಾನು ಹೇಳಿದ್ದರೆ ನಗುತ್ತಿದ್ದಳೇ? ಖಂಡಿತ ಇಲ್ಲ, ನೋಯುತ್ತಿದ್ದಳು. ಕೂದಲು ಕಳೆದುಕೊಂಡವಳಿಗೆ ಮಾತ್ರ ಆ ಮಾತಿನ ಮೇಲೆ ಹಕ್ಕು, ಕೂದಲು ಕಳೆದುಕೊಂಡವಳಿಗೆ ಮಾತ್ರ ಅದರ ಸುಖ.

ಬಳಗದಲ್ಲಿ ಒಂದು ಪಂದ್ಯವೂ ಇತ್ತು. ನೋಡಲು ಬಂದವರು ಹೇಳಿಹೋದ ಔಷಧಿಗಳನ್ನು ಒಬ್ಬೊಬ್ಬರೂ ಒಪ್ಪಿಸಬೇಕು: ಲಕ್ಷ್ಮಣಫಲ, ಗೋಧಿಹುಲ್ಲಿನ ರಸ, ಗೋಮೂತ್ರ, ಮಲೆನಾಡಿನ ಯಾವುದೋ ಚಕ್ಕೆ. ಹೆಚ್ಚು ಸಿಕ್ಕವರು ಉಳಿದವರಿಗೆ ಕಾಫಿ ಕೊಡಿಸಬೇಕು. ನೆಂಟರ ಮೇಲೆ ಕೋಪಿಸಿಕೊಳ್ಳುವ ಹಾಗಿಲ್ಲ, ಪ್ರೀತಿಯಿಂದಲೇ ಹೇಳಿರುತ್ತಾರೆ. ಆ ಪ್ರೀತಿಯ ಭಾರ ಇಳಿಸಿಕೊಳ್ಳಲು ಇವರಿಗೆ ಈ ಪಂದ್ಯ ಬೇಕಿತ್ತು.

ಕೀಮೋ ಮುಗಿದು ಕರೆಂಟು ಶುರುವಾದಾಗ ಬೆಂಚಿನಲ್ಲಿ ಪೀಣ್ಯದ ಯಜಮಾನರು ಸಿಕ್ಕರು. ಅಲ್ಲಿನ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ಸ್ವಂತ ಶೆಡ್ಡು, ನಾಲ್ಕು ಲೇತು. ಬಹಳ ವರ್ಷ ತಂಬಾಕು ಜಗಿದ ಕೆನ್ನೆಯಲ್ಲಿ ಕ್ಯಾನ್ಸರ್. ಇಂಥವರಿಗೆ ತಲೆ ಕದಲದಂತೆ ಒಂದು ಮುಖವಾಡ ಮಾಡುತ್ತಾರೆ. ಸಣ್ಣ ಸಣ್ಣ ತೂತಿರುವ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಹಾಸಿ ಒತ್ತುತ್ತಾರೆ. ಆರಿದ ಮೇಲೆ ಅದು ಮೂಗು, ಗಲ್ಲ, ಹಣೆಯ ಅಚ್ಚು. ದಿನಾ ಅದನ್ನು ಹಾಕಿ ಮಂಚಕ್ಕೆ ಬಿಗಿಯುತ್ತಾರೆ. ಉಸಿರು ಕಟ್ಟಿದ ಹಾಗಾಗುತ್ತದೆ, ಗಟ್ಟಿಗರೂ ಬೆವರುತ್ತಾರೆ. ಇವರು ಮೊದಲ ದಿನವೇ ಅದನ್ನು ಬೆಳಕಿಗೆ ಹಿಡಿದು, ಅಂಚು ಸವರಿ, ತೀರ್ಪು ಕೊಟ್ಟರು: "ಫಿನಿಶಿಂಗ್ ಇಲ್ಲ ಸಾರ್. ನಮ್ಮ ಶೆಡ್ಡಲ್ಲಾಗಿದ್ರೆ ಕ್ಯೂಸಿ ರಿಜೆಕ್ಟ್ ಮಾಡ್ತಿದ್ರು."

ನಾಲ್ಕನೇ ವಾರದ ಹೊತ್ತಿಗೆ ಬಾಯೆಲ್ಲ ಹುಣ್ಣು, ಗಂಜಿಯೂ ಇಳಿಯದು, ಮಾತು ನಿಂತಿತು. ಶೆಡ್ಡಿನಿಂದ ಜಾಬ್ ಕಾರ್ಡಿನ ಕಟ್ಟು ತಂದು ಅದರ ಬೆನ್ನಿಗೆ ಬರೆದು ತೋರಿಸತೊಡಗಿದರು. ಶೆಡ್ಡಿನ ಭಾಷೆಯಲ್ಲಿ ಡೈ ಎಂದರೆ ಅಚ್ಚು, ಜಾಬು ಎಂದರೆ ತಯಾರಾಗುವ ತುಂಡು. ತೂಕ ಇಳಿದು ಮುಖವಾಡ ಸಡಿಲವಾಯಿತು. ಹಾಗಾದರೆ ಗುರಿ ತಪ್ಪುತ್ತದೆ, ಮತ್ತೆ ಸ್ಕ್ಯಾನ್ ಮಾಡಿ ಹೊಸ ಅಚ್ಚು ತೆಗೆಯಬೇಕು. ಟೆಕ್ನಿಷಿಯನ್ ಹುಡುಗ ಮುಖ ಸಣ್ಣಗೆ ಮಾಡಿಕೊಂಡು ವಿಷಯ ತಿಳಿಸಿದಾಗ ಇವರು ಬರೆದ ಚೀಟಿ ಬೆಂಚಿನ ತುಂಬ ಕೈಯಿಂದ ಕೈಗೆ ದಾಟಿತು: "ಡೈ ಸರಿಯಾಗೇ ಇದೆ. ಸವೆದಿರೋದು ಜಾಬು."

ಇಂಥ ನಗು ಆಯುಷ್ಯ ಹೆಚ್ಚಿಸುತ್ತದೆಯೇ? ಸ್ಟ್ಯಾನ್‌ಫರ್ಡಿನ ಮನೋವೈದ್ಯ ಡೇವಿಡ್ ಸ್ಪೀಗೆಲ್ 1989ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಹೌದೆನ್ನುವಂಥ ಅಧ್ಯಯನ ಪ್ರಕಟಿಸಿದರು. ಸ್ತನ ಕ್ಯಾನ್ಸರ್ ದೇಹದ ಬೇರೆಡೆಗೂ ಹರಡಿದ್ದ 86 ಮಹಿಳೆಯರಲ್ಲಿ, ವಾರವಾರ ಗುಂಪಿನಲ್ಲಿ ಕೂತು ಮಾತಾಡಿದವರು ಸರಾಸರಿ ಸುಮಾರು 37 ತಿಂಗಳು ಬದುಕಿದರು, ಉಳಿದವರು 19. ಜಗತ್ತೇ ಬೆರಗಾಯಿತು. ಆದರೆ ಕೆನಡಾದ ಪಮೇಲಾ ಗುಡ್‌ವಿನ್ ಮತ್ತು ಜೊತೆಗಾರರು 235 ಮಹಿಳೆಯರನ್ನು ಅಧ್ಯಯನ ಮಾಡಿ 2001ರಲ್ಲಿ ಹೇಳಿದ್ದು ಬೇರೆ: ಆಯುಷ್ಯದಲ್ಲಿ ವ್ಯತ್ಯಾಸವಿಲ್ಲ, ಹೆಚ್ಚು ಸಂಕಟದಲ್ಲಿದ್ದವರಿಗೆ ಮಾತ್ರ ಮನಸ್ಸಿನ ಬೇಗೆಯೂ ನೋವೂ ಕಡಿಮೆಯಾಯಿತು. 2007ರಲ್ಲಿ ಸ್ಪೀಗೆಲ್ ಅವರೇ ಮತ್ತೆ ನೋಡಿದಾಗಲೂ ಒಟ್ಟಾರೆ ಆಯುಷ್ಯ ಹೆಚ್ಚಿದ್ದು ಕಾಣಲಿಲ್ಲ.

ನನಗೆ ಈ ಎರಡನೆಯ ಫಲಿತಾಂಶವೇ ಹೆಚ್ಚು ಇಷ್ಟ. ನಗು ಔಷಧಿಯಾಗಿಬಿಟ್ಟರೆ ನಗದವರು ತಪ್ಪಿತಸ್ಥರಾಗುತ್ತಾರೆ. 'ಪಾಸಿಟಿವ್ ಆಗಿರಿ' ಎಂಬ ಉಪದೇಶದ ಹಿಂದೆ ಆ ದೂರು ಅಡಗಿ ಕೂತಿರುತ್ತದೆ: ಗುಣವಾಗದಿದ್ದರೆ ನೀನೇ ಸರಿಯಾಗಿ ನಗಲಿಲ್ಲ ಎಂದು. ನಮ್ಮ ಬೆಂಚಿನಲ್ಲಿ ಯಾರೂ ಯಾರಿಗೂ ನಗು ಎಂದು ಹೇಳಲಿಲ್ಲ. ಟೆಸ್ಟಿಂಗ್ ಹುಡುಗಿ ಒಂದು ಇಡೀ ಸರದಿ ದುಪಟ್ಟಾ ಮುಖಕ್ಕೆಳೆದುಕೊಂಡು ಮಲಗಿದ್ದಳು. ಗಾರ್ಮೆಂಟ್ಸ್ ಅಕ್ಕ ಅವಳ ಪಾದದ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದರು. ಅದೂ ಅದೇ ಬಳಗದ ಕೆಲಸ.

ಎಲ್ಲರೂ ಗುಣವಾಗಲಿಲ್ಲ. ಬೆಂಚಿನ ಹಿರಿಯರೊಬ್ಬರು ಕೊನೆಗೆ ಮಾರತ್ತಹಳ್ಳಿಯ ಕರುಣಾಶ್ರಯಕ್ಕೆ ಹೋದರು. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು 1999ರಿಂದ ಒಂದು ಪೈಸೆ ಕೇಳದೆ ನೋಡಿಕೊಳ್ಳುತ್ತಿರುವ ತಾಣ ಅದು. ಪೀಣ್ಯದ ಯಜಮಾನರು ಜಾಬ್ ಕಾರ್ಡಿನ ಕಟ್ಟು ಹಿಡಿದು ಅಲ್ಲಿಗೂ ಹೋಗಿಬಂದರು.

ಈಗ ಹೊಸ ಆಸ್ಪತ್ರೆಗಳಲ್ಲಿ ಕೀಮೋಗೂ ಪ್ರತ್ಯೇಕ ಕೋಣೆ, ಎದುರಿಗೆ ಟಿವಿ. ಒಂಟಿಯಾಗಿರಬೇಕು ಎನ್ನುವವರಿಗೆ ಅದು ಸಿಗಲಿ. ಆದರೆ ಅದೊಂದೇ ದೊಡ್ಡ ಸೌಕರ್ಯ ಎಂದುಕೊಂಡು ಸಾಲು ಕುರ್ಚಿಗಳನ್ನು ಎತ್ತಿಹಾಕುವುದನ್ನು ನಾನು ಒಪ್ಪಲಾರೆ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಟೆರೀಸ್ ಲಾಸರ್ 1952ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದ ಕೆಲಸ ತೀರಾ ಸರಳ: ದಾಟಿದವರು ದಾಟಬೇಕಾದವರನ್ನು ಹೋಗಿ ಕಾಣುವುದು. ನಮ್ಮಲ್ಲೂ ಮೊದಲ ಸಲ ಬಂದವರನ್ನು ಮೂರನೇ ಸರದಿಯವರ ಪಕ್ಕ ಕೂರಿಸಬಹುದು, ಜೊತೆಯಾದವರ ದಿನ, ಹೊತ್ತು ಒಡೆಯದಂತೆ ನೋಡಿಕೊಳ್ಳಬಹುದು. ಇದಕ್ಕೆ ಬಜೆಟ್ ಬೇಡ, ಡೇ ಕೇರ್ ಸಿಸ್ಟರ್ ಕೈಯಲ್ಲಿರುವ ರಿಜಿಸ್ಟರ್ ಸಾಕು. ಅಕ್ಕನ ಬೆಂಚಿನವರಂತೂ ಅದನ್ನು ಕೇಳಿ ಪಡೆದರು. ಯಂತ್ರದ ಸರ್ವೀಸಿಂಗ್ ಎಂದು ಹೊತ್ತು ಬದಲಾದಾಗ ಐವರ ಸಹಿ ಹಾಕಿದ ಅರ್ಜಿಯೊಂದು ಟೆಕ್ನಿಷಿಯನ್ ಮೇಜಿಗೆ ಹೋಯಿತು: ನಾವು ಹನ್ನೊಂದು ಗಂಟೆಯ ಬ್ಯಾಚಿನವರು, ಬೆಳಗ್ಗೆ ಏಳಕ್ಕಾದರೂ ಬರುತ್ತೇವೆ, ಬಂದರೆ ಒಟ್ಟಿಗೇ.